ಮೊದಲ ಪಂಕ್ತಿಯ ಅಕ್ಕ

ಸಮುದ್ರದ ಮೇಲೆ ಬೆಳಕು ಇನ್ನೂ ನೀರು ಬೆರೆಸಿದ ಹಾಲಿನ ಬಣ್ಣದಲ್ಲಿದೆ. ಹಡಗಿನ ಹೊಟ್ಟೆಯೊಳಗೆ ಯಂತ್ರ ಒಂದೇ ಶ್ರುತಿ ಹಿಡಿದು ಗುನುಗುತ್ತಿದೆ. ಬೆಳಗಿನ ತಿಂಡಿಯ ಕೋಣೆಯ ಬಾಗಿಲು ತೆರೆದಿಲ್ಲ. ಆದರೂ ಗಾಜಿನ ಆಚೆ ಮಕ್ಕಳ ಸಂತೆ ನೆರೆದಿದೆ. ಒಬ್ಬನಿಗೆ ಒಂದೇ ಕಾಲಿನಲ್ಲಿ ಚಪ್ಪಲಿ. ಒಬ್ಬಳು ಅಪ್ಪನ ಹೆಗಲೇರಿ ಕೂತು ಅವನ ಕಿವಿ ಹಿಂಡುತ್ತಿದ್ದಾಳೆ. ಇನ್ನೂ ಹಲ್ಲು ಪೂರ್ತಿ ಬಾರದ ಕೂಸೊಂದು ಬಾಗಿಲ ಗಾಜನ್ನೇ ನೆಕ್ಕಿ ರುಚಿ ನೋಡುತ್ತಿದೆ. ಅಪ್ಪಂದಿರ ಕಣ್ಣು ಅರ್ಧ ಮುಚ್ಚಿದೆ, ಅಮ್ಮಂದಿರು ತಲೆ ಬಾಚಿಲ್ಲ.

ಬಾಗಿಲ ಒಳಗೆ, ತಟ್ಟೆಗಳ ಅಟ್ಟಿಯ ಮೇಲೆ ಒಂದು ಕೈ ಇಟ್ಟುಕೊಂಡು, ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬರು ಈ ಸಂತೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ನೋಡುವುದೇ ಅವರ ಬೆಳಗಿನ ಕೆಲಸ. ಯಾವ ಮಗು ಕಣ್ಣುಜ್ಜುತ್ತಿದೆ, ಯಾವುದು ಕುಣಿಯುತ್ತಿದೆ, ಯಾವುದು ತಿನ್ನುವ ಮೊದಲೇ ರಂಪ ತೆಗೆಯುತ್ತಿದೆ ಎಂಬುದರ ಮೇಲೆ ಇವತ್ತಿನ ಸಂಜೆ ಹೇಗಿರುತ್ತದೆ ಎಂದು ಅಂದಾಜು ಮಾಡುತ್ತಾರೆ. "ನಿದ್ದೆ ಆಗಿರೋ ಮಗು ಒಳಗೆ ಬಂದ ತಕ್ಷಣ ಬಾಳೆಹಣ್ಣು ನೋಡುತ್ತೆ. ನಿದ್ದೆ ಆಗದೇ ಇರೋ ಮಗು ಅಮ್ಮನ ಮುಖ ನೋಡುತ್ತೆ," ಎನ್ನುತ್ತಾರೆ. ಇವತ್ತು ಬಹಳ ಮಕ್ಕಳು ಅಮ್ಮನ ಮುಖ ನೋಡುತ್ತಿದ್ದಾರೆ. ಅದು ಯಾಕೆಂದು ಅವರಿಗೆ ಇನ್ನೂ ಗೊತ್ತಾಗಿಲ್ಲ.

ಈ ಹಡಗಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅಡುಗೆಯವರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವರು ಪಂಕ್ತಿಯಕ್ಕ. ರಾತ್ರಿಯೂಟಕ್ಕೆ ದೊಡ್ಡ ಡೈನಿಂಗ್ ಹಾಲಿನಲ್ಲಿ ಎಲ್ಲರಿಗೂ ಒಟ್ಟಿಗೆ ಜಾಗವಿಲ್ಲ. ಹಾಗಾಗಿ ಆರು ಗಂಟೆಗೆ ಮೊದಲ ಪಂಕ್ತಿ, ಎಂಟಕ್ಕೆ ಎರಡನೆಯದು. ಯಾರು ಯಾವ ಪಂಕ್ತಿಗೆ, ಯಾವ ಮೇಜಿಗೆ ಎಂದು ಹೊಂದಿಸುವವರು ಇವರು. ಪುಟ್ಟ ಮಕ್ಕಳಿರುವ ಮನೆಯವರಿಗೆಲ್ಲ ಮೊದಲ ಪಂಕ್ತಿ ಎಂದು ಬರೆದು ಮುಗಿಸಬಹುದಾದ ಕೆಲಸ ಎಂದು ಹೊರಗಿನವರಿಗೆ ಅನ್ನಿಸಬಹುದು. ಅದು ಅಷ್ಟು ಸಲೀಸಲ್ಲ. ಮಧ್ಯಾಹ್ನ ಮೂರು ತಾಸು ಮಲಗುವ ಮಗುವಿಗೆ ಆರಕ್ಕೆ ಹಸಿವಿರುವುದಿಲ್ಲ. ಮೊಲೆ ಕುಡಿಯುವ ಕೂಸಿನ ತಾಯಿಗೆ ಮೂಲೆಯ ಮೇಜೇ ಬೇಕು. ಅಕ್ಕತಂಗಿಯರಿಬ್ಬರು ತಮ್ಮ ತಮ್ಮ ಸಂಸಾರ ಕಟ್ಟಿಕೊಂಡು ಬಂದಿದ್ದಾರೆ, ಒಂದೇ ಮೇಜು ಬೇಕು ಎನ್ನುತ್ತಾರೆ. ಎರಡನೇ ದಿನ ಅವರೇ ಒಬ್ಬೊಬ್ಬರಾಗಿ ಬಂದು, ಇವರ ಕಿವಿಯಲ್ಲಿ, ಬೇರೆ ಬೇರೆ ಮೇಜು ಕೊಟ್ಟರೆ ಪುಣ್ಯ ಬರುತ್ತದೆ ಎಂದು ಬೇಡಿಕೊಳ್ಳುತ್ತಾರೆ. ಮದುವೆಯಾಗಿ ಹದಿನೈದು ದಿನವೂ ಆಗದ ಜೋಡಿಯೊಂದು ಈ ಸಲ ಜಾಗದ ಅಭಾವದಿಂದ ಮೊದಲ ಪಂಕ್ತಿಗೆ ಬಿದ್ದಿದೆ. ಸುತ್ತಲಿನ ಮಕ್ಕಳ ಗದ್ದಲ ನೋಡಿ ಹುಡುಗ ಪ್ರತಿದಿನ ಗಂಟುಮುಖ ಹಾಕಿಕೊಂಡು ಬರುತ್ತಾನೆ. ಹುಡುಗಿ ಮಾತ್ರ ಪಕ್ಕದ ಮೇಜಿನ ಮಗುವಿಗೆ ಕಣ್ಣು ಹೊಡೆಯುತ್ತಾಳೆ.

ಮೇಜುಗಳನ್ನು ಹೊಂದಿಸುವುದಕ್ಕೆ ಅಕ್ಕನ ಬಳಿ ಒಂದು ಹಲಗೆ ಇದೆ. ಅದರ ಮೇಲೆ ಹಾಲಿನ ನಕ್ಷೆ, ನಕ್ಷೆಯ ಮೇಲೆ ಅಂಗಿಯ ಗುಂಡಿಗಳು. ದೊಡ್ಡವರಿಗೆ ದೊಡ್ಡ ಗುಂಡಿ, ಮಕ್ಕಳಿಗೆ ಸಣ್ಣದು. ಬೇಗ ಅಳುವ ಮಗುವಿಗೆ ಕೆಂಪು. ಹಡಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಆರು ವರ್ಷ ಮೇಜುವಸ್ತ್ರ ಮಡಿಸುತ್ತಿದ್ದಾಗ ಕೂಡಿಟ್ಟ ಗುಂಡಿಗಳಿವು. ಆಗ ಬಿಳಿ ಬಟ್ಟೆ, ಬಿಸಿ ಆವಿ, ಕಿಟಕಿಯಿಲ್ಲದ ಗೋಡೆ ಬಿಟ್ಟರೆ ಅವರಿಗೆ ಸಮುದ್ರವೇ ಗೊತ್ತಿರಲಿಲ್ಲ. ಒಂದು ಸಲ ಮೇಲೆ ಬಡಿಸುವವರ ಕೊರತೆಯಾಗಿ ಇವರನ್ನು ಕರೆದರು. ಅಳುವ ಮಗುವೊಂದನ್ನು ಎತ್ತಿಕೊಂಡೇ ನಾಲ್ಕು ಮೇಜಿಗೆ ಬಡಿಸಿದರು. ತಿರುಗಿ ಕೆಳಗೆ ಕಳಿಸುವ ಮನಸ್ಸು ಯಾರಿಗೂ ಬರಲಿಲ್ಲ.

ಮನೆಯಲ್ಲಿ ಅವರಿಗೂ ಒಬ್ಬಳು ಮಗಳಿದ್ದಾಳೆ. ಐದು ತುಂಬಿಲ್ಲ. ವರ್ಷದಲ್ಲಿ ಎಂಟು ತಿಂಗಳು ಅತ್ತೆಯ ಕೈಯಲ್ಲಿ ಉಣ್ಣುತ್ತಾಳೆ. ಗಂಡ ಬಸ್ಸು ಓಡಿಸುವವರು, ಎಷ್ಟೋ ದಿನ ಮನೆಗೆ ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ, ಸಿಗ್ನಲ್ಲು ಸಿಕ್ಕಿದರೆ, ಫೋನಿನಲ್ಲಿ ಅತ್ತೆ ಸೊಸೆಯರ ಮಾತು. ಅತ್ತೆಯ ನಾಲಿಗೆ ಚುರುಕು, ಮನಸ್ಸು ಹಣ್ಣು. "ಕಂಡವರ ಮಕ್ಕಳಿಗೆಲ್ಲ ಕುರ್ಚಿ ಹಾಕಿ ಕೂರಿಸ್ತೀಯಂತೆ. ನಿನ್ನ ಮಗಳ ಹಿಂದೆ ತಟ್ಟೆ ಹಿಡ್ಕೊಂಡು ಮನೆ ತುಂಬ ಓಡೋಳು ನಾನು. ಬಂದು ನನ್ನ ಮಂಡಿಗೂ ಒಂದು ಕುರ್ಚಿ ಹಾಕಮ್ಮ," ಎಂದು ಮೊನ್ನೆ ಅಂದರಂತೆ. ಹೇಳುತ್ತಾ ಅಕ್ಕ ನಗುತ್ತಾರೆ. ನಗು ತುಟಿಯ ಹತ್ತಿರವೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೋಗುತ್ತದೆ.

ಇವತ್ತು ಅವರ ಮನಸ್ಸು ಮಾತಿನಲ್ಲಿಲ್ಲ. ಇವತ್ತಿನ ಸಂಜೆಯ ಮೇಲೆ ಮೊದಲ ಪಂಕ್ತಿಯ ಹಣೆಬರಹ ನಿಂತಿದೆ.

ಹಿಂದಿನ ಯಾನದಲ್ಲಿ ಇದೇ ಜಾಗದಲ್ಲಿ, ಇಂಥದೇ ದಿನ, ಮೊದಲ ಪಂಕ್ತಿ ಕೈಮೀರಿ ಹೋಯಿತು. ಒಂದು ಮಗು ಅತ್ತಿತು, ಅದನ್ನು ನೋಡಿ ಇನ್ನೊಂದು, ಇನ್ನೊಂದನ್ನು ನೋಡಿ ಮತ್ತೆರಡು. ತಟ್ಟೆಗಳು ನೆಲ ಕಂಡವು. ಅಪ್ಪಂದಿರು ಮಕ್ಕಳನ್ನು ಹೊತ್ತು ಹಾಲಿನ ತುಂಬ ಪ್ರದಕ್ಷಿಣೆ ಹಾಕಿದರು. ಎಂಟು ಗಂಟೆ ದಾಟಿದರೂ ಮೇಜು ಖಾಲಿಯಾಗಲಿಲ್ಲ. ಎರಡನೇ ಪಂಕ್ತಿಯವರು ಹೊರಗೆ ನಿಂತೇ ಇದ್ದರು. ಅವರಲ್ಲಿ ಊರುಗೋಲಿನ ಮುದುಕಿಯೊಬ್ಬರು ಕಾಲು ಸೋತು ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಾಲಿನ ಮೇಲ್ವಿಚಾರಕರು ಅವರಿಗೆ ನೀರು ಕೊಟ್ಟು, ಕೈ ಹಿಡಿದು ಎಬ್ಬಿಸಿದರು. ಎಲ್ಲರೂ ಸಾಹೇಬರು ಎಂದು ಕರೆಯುವ ಈ ಮನುಷ್ಯ ಗಟ್ಟಿಯಾಗಿ ಮಾತಾಡುವವರಲ್ಲ. ಮಾರನೇ ದಿನ ಅಕ್ಕನನ್ನು ಕರೆದು, ಇನ್ನೊಂದು ಸಲ ಹೀಗಾದರೆ ಪುಟ್ಟ ಮಕ್ಕಳ ಮನೆಯವರಿಗೆಲ್ಲ ಮೇಲಿನ ಅಂತಸ್ತಿನಲ್ಲಿ ಕೈಯಾರೆ ಬಡಿಸಿಕೊಳ್ಳುವ ವ್ಯವಸ್ಥೆ ಮಾಡಿ, ಕೆಳಗಿನ ಹಾಲನ್ನು ದೊಡ್ಡವರಿಗೇ ಬಿಡುವುದು ಎಂದು ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟ, ಎನ್ನುತ್ತಾರೆ ಅಕ್ಕ. ಸಿಟ್ಟಾದರೆ ಇಳಿಯುತ್ತದೆ, ಯೋಚನೆ ಮಾಡಿ ಹೇಳಿದ್ದು ಇಳಿಯುವುದಿಲ್ಲ.

ಹಾಗಾದರೆ ಇವರು ಮತ್ತೆ ಬಟ್ಟೆಯ ಕೋಣೆಗೆ ಹೋಗಬೇಕು. ಅದಕ್ಕೆ ಅವರಿಗೆ ಬೇಜಾರಿಲ್ಲ. "ಮಡಿಸೋದೂ ಕೆಲಸಾನೇ. ಆದರೆ ಮೇಲಿನ ಹಾಲ್‌ನಲ್ಲಿ ಏನಾಗುತ್ತೆ ಗೊತ್ತಾ? ಅಪ್ಪ ತಟ್ಟೆ ತರೋಕೆ ಹೋದರೆ ಅಮ್ಮ ಕೂರ್ತಾಳೆ, ಅವನು ಬಂದರೆ ಇವಳು ಏಳ್ತಾಳೆ. ಮಗು ಇಬ್ಬರನ್ನೂ ಹುಡುಕ್ತಾ ಉಣ್ಣುತ್ತೆ. ಒಬ್ಬರು ಬಡಿಸಿದರೆ ತಾನೇ ಮೂರು ಜನ ಒಟ್ಟಿಗೆ ಕೂರೋಕಾಗೋದು?" ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಮೂವರು ಒಟ್ಟಿಗೆ ಕೂತು ಉಣ್ಣುವ ಮನೆ ಅಕ್ಕನದು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೋದ ಸಲದ ತಪ್ಪು ತಮ್ಮ ಹಲಗೆಯಲ್ಲೇ ಇದೆ ಎಂದು ಅವರು ಲೆಕ್ಕ ಹಾಕಿದ್ದರು. ಕೆಂಪು ಗುಂಡಿಗಳೆಲ್ಲ ಒಂದೇ ಮೂಲೆಯಲ್ಲಿ ಸೇರಿದ್ದರಿಂದ ಅಳು ಅಂಟಿಕೊಂಡು ಹರಡಿತು. ಈ ಸಲ ಅವನ್ನು ಹಾಲಿನ ತುಂಬ ಚದುರಿಸಿದ್ದಾರೆ. ಒಂದು ಅಳುವ ಮಗು, ಪಕ್ಕದಲ್ಲಿ ಒಂದು ಸಾಧು ಮಗು, ನಡುವೆ ಒಬ್ಬ ಅಜ್ಜಿ. ಮೂರು ದಿನದಿಂದ ಇದು ನಡೆದಿದೆ, ಚೆನ್ನಾಗಿಯೂ ನಡೆದಿದೆ. ಆದರೆ ನಿನ್ನೆ ರಾತ್ರಿ ಹಡಗು ಪಶ್ಚಿಮಕ್ಕೆ ಸಾಗುತ್ತಾ ಗಡಿಯಾರದ ಗೆರೆಯೊಂದನ್ನು ದಾಟಿದೆ. ಎಲ್ಲರೂ ಮಲಗುವ ಮುಂಚೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು ಎಂದು ಧ್ವನಿವರ್ಧಕದಲ್ಲಿ ಹೇಳಿದ್ದಾರೆ. ಹಡಗಿನ ಜನಕ್ಕೆ ಇದು ಹಬ್ಬದಷ್ಟು ಖುಷಿ. ಬಿಟ್ಟಿಯಾಗಿ ಒಂದು ಗಂಟೆ ನಿದ್ದೆ. ಇವತ್ತು ಎಲ್ಲರೂ ಮೈತುಂಬ ನಿದ್ದೆ ಮಾಡಿ ಬರುತ್ತಾರೆ, ಸಂಜೆ ಹಗುರಾಗುತ್ತದೆ ಎಂದು ಅಕ್ಕನೂ ಲೆಕ್ಕ ಹಾಕಿದ್ದಾರೆ. ಬೆಳಗ್ಗೆ ಗಾಜಿನ ಆಚೆಯ ಸಂತೆ ನೋಡಿದಾಗಿನಿಂದ ಆ ಲೆಕ್ಕ ಎಲ್ಲೋ ಮುಳ್ಳಿನ ಹಾಗೆ ಚುಚ್ಚುತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಆ ಮುಳ್ಳು ದೊಡ್ಡದಾಗುತ್ತದೆ. ಈಜುಕೊಳದ ಹತ್ತಿರ ಹಾದುಹೋದರೆ ಮಕ್ಕಳು ಸಣ್ಣ ಸಣ್ಣದಕ್ಕೆ ಮೂಗೆಳೆಯುತ್ತಾ ರಗಳೆ ಮಾಡುತ್ತಿದ್ದಾರೆ. ನಾಲ್ಕೂವರೆಗೆ ಅಕ್ಕ ಡೈನಿಂಗ್ ಹಾಲಿಗೆ ಇಳಿದು, ಎತ್ತರದ ಮಕ್ಕಳ ಕುರ್ಚಿಗಳ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಚಾಕುಗಳನ್ನು ಮೇಜಿನ ಅಂಚಿನಿಂದ ಒಳಗೆ ಸರಿಸುತ್ತಾರೆ. ಹೂದಾನಿಗಳನ್ನು ಎತ್ತಿಡುತ್ತಾರೆ. ಬಾಯಲ್ಲಿ ಯಾವುದೋ ಪ್ರಾರ್ಥನೆ ಶಬ್ದವಿಲ್ಲದೆ ಓಡುತ್ತಿರುತ್ತದೆ. ಇದು ಅವರ ದಿನನಿತ್ಯದ ರೂಢಿ. ಇವತ್ತು ಮಾತ್ರ ತುಟಿ ಸ್ವಲ್ಪ ಜಾಸ್ತಿಯೇ ಅಲುಗುತ್ತಿದೆ.

ಐದು ಗಂಟೆಗೆ ಸರಿಯಾಗಿ ಬಾಗಿಲು ಬಡಿದ ಸದ್ದು. ಇನ್ನೂ ಒಂದು ಗಂಟೆ ಇದೆ, ಯಾರಪ್ಪ ಇದು ಎಂದು ಅಕ್ಕ ಹೋಗಿ ಬಾಗಿಲು ಓರೆ ಮಾಡಿ ನೋಡಿದರೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಜ್ಜ ಒಬ್ಬರು ಎಡಬಲದಲ್ಲಿ ಇಬ್ಬರು ಮೊಮ್ಮಕ್ಕಳ ಕೈ ಹಿಡಿದು ನಿಂತಿದ್ದಾರೆ. ಮಗ ಸೊಸೆ ಆರಾಮವಾಗಿ ಬರಲಿ, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕೂರಿಸಿಬಿಡೋಣ ಎಂದು ತಾವೇ ಕರೆತಂದಿದ್ದಾರೆ. ಬಾಗಿಲು ಯಾಕೆ ಹಾಕಿದೆ ಎಂದು ಅವರಿಗೆ ಅಸಮಾಧಾನ. ಅಕ್ಕ ಗೋಡೆಯ ಗಡಿಯಾರ ತೋರಿಸುತ್ತಾರೆ. ಅಜ್ಜ ತಮ್ಮ ಕೈಗಡಿಯಾರ ತೋರಿಸುತ್ತಾರೆ. ಅದರಲ್ಲಿ ಆರು.

"ನಿಮ್ಮ ಗೋಡೆಯದು ಕೆಟ್ಟಿದೆ ಕಣಮ್ಮ," ಎನ್ನುತ್ತಾರೆ ಅಜ್ಜ. "ಇದು ನನ್ನ ಮದುವೆಯಲ್ಲಿ ಕಟ್ಟಿಕೊಂಡಿದ್ದು. ಹೆಂಡತಿ ಎಷ್ಟೋ ಸಲ ಹಿಂದೆ ಮುಂದೆ ಆಗಿದ್ದಾಳೆ, ಇದು ಆಗಿಲ್ಲ."

ನಿನ್ನೆ ರಾತ್ರಿ ಧ್ವನಿವರ್ಧಕ ಕೂಗುವ ಹೊತ್ತಿಗೆ ಅಜ್ಜ ಕಿವಿಯ ಯಂತ್ರ ತೆಗೆದಿಟ್ಟು ಮಲಗಿಯಾಗಿತ್ತು. ಗಡಿಯಾರ ಹಿಂದಕ್ಕೆ ಹೋದದ್ದು ಅವರಿಗೆ ಗೊತ್ತೇ ಇಲ್ಲ. ಅಕ್ಕ ಅದನ್ನು ಬಿಡಿಸಿ ಹೇಳಲು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಚಿಕ್ಕ ಮೊಮ್ಮಗಳು ಅಜ್ಜನ ಪ್ಯಾಂಟು ಜಗ್ಗಿ, ಅಳದೆ, ರಗಳೆ ಮಾಡದೆ, ಬಹಳ ಗಂಭೀರವಾಗಿ ತನಗೆ ಹಸಿವು ಎನ್ನುತ್ತಾಳೆ.

ಆ ಮಗುವಿನ ಮುಖ ನೋಡುತ್ತಾ ಅಕ್ಕ ಹಾಗೇ ನಿಂತುಬಿಡುತ್ತಾರೆ. ಮೊನ್ನೆ ಆರು ಗಂಟೆಗೆ, ನಿನ್ನೆ ಆರು ಗಂಟೆಗೆ ಇದೇ ಬಾಗಿಲಲ್ಲಿ ಕಂಡ ಮುಖ ಇದು. ಹಸಿದಿದೆ, ಆದರೆ ಹಸಿವು ಇನ್ನೂ ಕೋಪಕ್ಕೆ ತಿರುಗಿಲ್ಲ. ಇನ್ನೊಂದು ಗಂಟೆ ಕಾಯಿಸಿದರೆ ಈ ಮುಖ ಉಳಿಯುವುದಿಲ್ಲ. ಕಳೆದ ಯಾನದ ಆ ಸಂಜೆ ಬಂದದ್ದೂ ಗಡಿಯಾರ ಹಿಂದಕ್ಕೆ ಹೋದ ದಿನವೇ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಂತೆ ನೆರೆದದ್ದೂ ಅದಕ್ಕೇ, ಮಕ್ಕಳು ತಮ್ಮ ಎಂದಿನ ಹೊತ್ತಿಗೇ ಎದ್ದಿದ್ದರು. ಮಕ್ಕಳನ್ನು ಎಲ್ಲಿ ಕೂರಿಸುವುದು ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡರಲ್ಲ, ಎಡವಿದ್ದು ಎಲ್ಲಿ ಕೂರಿಸುವುದು ಎಂಬುದರಲ್ಲಿ ಅಲ್ಲವೇ ಅಲ್ಲ, ಯಾವಾಗ ಕೂರಿಸುವುದು ಎಂಬುದರಲ್ಲಿ. ಹಡಗಿನ ಗಡಿಯಾರಗಳನ್ನೆಲ್ಲ ತಿರುಗಿಸಿದ್ದಾರೆ. ಮಕ್ಕಳ ಹೊಟ್ಟೆಯೊಳಗಿನದನ್ನು ಯಾರು ತಿರುಗಿಸಬೇಕು?

ಹೊತ್ತಿಗೆ ಮುಂಚೆ ಬಾಗಿಲು ತೆಗೆಯುವ ಅಧಿಕಾರ ಅಕ್ಕನಿಗಿಲ್ಲ. ಸಾಹೇಬರು ಮೇಲಿನ ಅಂತಸ್ತಿನಲ್ಲೆಲ್ಲೋ ಇದ್ದಾರೆ, ಫೋನು ಎತ್ತುತ್ತಿಲ್ಲ. ಅಕ್ಕ ಒಂದು ಕ್ಷಣ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಆಮೇಲೆ ಬಾಗಿಲು ತೆರೆದು, ಅಜ್ಜನನ್ನೂ ಮಕ್ಕಳನ್ನೂ ಕೂರಿಸಿ, ಸೀದಾ ಅಡುಗೆಮನೆಗೆ ನಡೆಯುತ್ತಾರೆ.

ಅಡುಗೆಮನೆಯ ಹಿರಿಯರು ಮೂವತ್ತು ವರ್ಷದಿಂದ ಹಡಗಿನ ಒಲೆ ಕಾದವರು. ಈಗಲೇ ಊಟ ಬೇಕು ಎಂದರೆ ಅವರು ಸೌಟು ಕೆಳಗಿಟ್ಟು, ಸೊಂಟದ ಮೇಲೆ ಕೈ ಇಡುತ್ತಾರೆ.

"ನೋಡಮ್ಮ ತಾಯಿ, ಗಡಿಯಾರ ಹಿಂದೆ ತಿರುಗಿಸ್ತಾರೆ, ಮುಂದೆ ತಿರುಗಿಸ್ತಾರೆ. ಒಲೆ ತಿರುಗಿಸೋಕೆ ಬರಲ್ಲ."

ಅಕ್ಕ ವಾದಕ್ಕಿಳಿಯುವುದಿಲ್ಲ. ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡುತ್ತಾರೆ. ಸೂಪು ಆಗಿದೆ. ಆಲೂಗಡ್ಡೆ ಬೆಂದಿದೆ. ಬ್ರೆಡ್ಡು ಈಗ ತಾನೇ ಹೊರಬಂದು ಅಡುಗೆಮನೆಯೆಲ್ಲ ಘಮಘಮ. ಮೀನು, ಮಾಂಸ, ಸಿಹಿ ಯಾವುದೂ ಬೇಡ, ಅವೆಲ್ಲ ದೊಡ್ಡವರಿಗೆ ಆರಕ್ಕೇ ಬರಲಿ, ಮಕ್ಕಳಿಗೆ ಮಾತ್ರ ಇಷ್ಟನ್ನು ಈಗ ಕೊಡಿ ಎಂದು ಕೇಳುತ್ತಾರೆ. ಎಷ್ಟು ಮಕ್ಕಳು ಎಂದು ಹಿರಿಯರು ಕೇಳಿದರೆ, ಸದ್ಯಕ್ಕೆ ಎರಡು, ಇನ್ನು ಸ್ವಲ್ಪ ಹೊತ್ತಿಗೆ ನೂರೈವತ್ತು ಎನ್ನುತ್ತಾರೆ. ಹಿರಿಯರು ಸೂಪಿನ ದೊಡ್ಡ ಪಾತ್ರೆಯನ್ನು ಮುಂದಕ್ಕೆ ತಳ್ಳುತ್ತಾರೆ. ಅಕ್ಕ ಬೆನ್ನು ತಿರುಗಿಸಿದ ಮೇಲೆ, ಇವಳ ತಲೆ ತಿರುಗಿದೆ ಎಂದು ಪಕ್ಕದವರಿಗೆ ಹೇಳುತ್ತಾರೆ. ಹೇಳುತ್ತಲೇ ಬ್ರೆಡ್ಡನ್ನು ಮಕ್ಕಳ ಕೈಗೆ ಹಿಡಿಯುವಷ್ಟು ಸಣ್ಣಗೆ ಕತ್ತರಿಸತೊಡಗುತ್ತಾರೆ.

ಅಕ್ಕನೂ ಬಡಿಸುವವರಿಬ್ಬರೂ ಸೇರಿ ಪುಟ್ಟ ಮಕ್ಕಳಿರುವ ಕ್ಯಾಬಿನ್‌ಗಳಿಗೆ ಫೋನು ಮಾಡುತ್ತಾರೆ. ಇಷ್ಟವಿದ್ದವರು ಮಗುವನ್ನು ಈಗಲೇ ಕರೆತರಬಹುದು, ದೊಡ್ಡವರ ಊಟ ಎಂದಿನಂತೆ ಆರಕ್ಕೆ. ಕೆಲವರು ಸಿಡಿಮಿಡಿಗೊಳ್ಳುತ್ತಾರೆ, ಒಂದು ಸಲ ಒಂದು ಹೊತ್ತು ಹೇಳಿ ಇನ್ನೊಂದು ಸಲ ಇನ್ನೊಂದು ಹೇಳುವುದು ಯಾವ ನ್ಯಾಯ ಎನ್ನುತ್ತಾರೆ. ಒಬ್ಬ ತಾಯಿ ಏನೂ ಹೇಳದೆ ಫೋನು ಕುಕ್ಕುತ್ತಾರೆ. ಅದು ಸಿಟ್ಟಲ್ಲ, ಅವಸರ ಎಂದು ಆಮೇಲೆ ಗೊತ್ತಾಗುತ್ತದೆ. ಎರಡು ನಿಮಿಷದಲ್ಲಿ ಚೀರುವ ಗಂಡು ಮಗುವನ್ನು ಕಂಕುಳಲ್ಲಿ ಇರುಕಿಕೊಂಡು, ಬರಿಗಾಲಲ್ಲಿ, ಬಾಗಿಲಿಗೆ ಬಂದು ನಿಂತಿರುತ್ತಾರೆ.

ಸಾಹೇಬರು ಐದೂವರೆಗೆ ಕೆಳಗೆ ಬರುವಷ್ಟರಲ್ಲಿ ಹಾಲು ಅರ್ಧ ತುಂಬಿದೆ. ತೆರೆದ ಬಾಗಿಲು, ಒಳಗೆ ಮಕ್ಕಳು, ಬಿಳಿ ಮೇಜುವಸ್ತ್ರದ ಮೇಲೆ ಸೂಪಿನ ಕೆರೆಗಳು. ಅವರು ಹೊಸ್ತಿಲಲ್ಲೇ ನಿಂತು, ಯಾರು ಬಾಗಿಲು ತೆಗೆದದ್ದು ಎಂದು ಮೆಲ್ಲಗೆ ಕೇಳುತ್ತಾರೆ.

"ನಾನೇ ಸರ್," ಎನ್ನುತ್ತಾರೆ ಅಕ್ಕ. "ನಿನ್ನೆ ನಮ್ಮೆಲ್ಲರ ಗಡಿಯಾರ ತಿರುಗಿಸಿದ್ವಿ. ಮಕ್ಕಳದ್ದು ತಿರುಗಿಸೋದು ಮರೆತಿದ್ವಿ. ಅವರಿಗೆ ಈಗ ಆರೂವರೆ."

ಸಾಹೇಬರು ಹಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಾರೆ. ಅಳು ಎಲ್ಲೂ ಇಲ್ಲ. ಚಮಚ ತಟ್ಟೆಗೆ ತಾಗುವ ಸಣ್ಣ ಸಣ್ಣ ಸದ್ದು ಮಾತ್ರ, ಎಲೆಗಳ ಮೇಲೆ ಹನಿ ಬೀಳುವ ಹಾಗೆ. ಹಸಿದ ಮಕ್ಕಳು ಉಣ್ಣುವುದನ್ನು ನೋಡುವುದೂ ಒಂದು ದರ್ಶನ. ಅದರ ಮುಂದೆ ಯಾರೂ ಬೇಗ ಮಾತಾಡುವುದಿಲ್ಲ. ಕೊನೆಗೆ ಸಾಹೇಬರು ಕೈಗಡಿಯಾರ ನೋಡಿ, ಮಕ್ಕಳು ಉಂಡದ್ದು ಸರಿ, ಎಂಟಕ್ಕೆ ಹೊರಗಿನವರು ಒಳಗೆ ಬರುತ್ತಾರೋ ಇಲ್ಲವೋ ಅದನ್ನು ನೋಡೋಣ ಎಂದಷ್ಟೇ ಹೇಳಿ ಬಾಗಿಲ ಪಕ್ಕ ನಿಲ್ಲುತ್ತಾರೆ. ಅಲ್ಲಿಂದ ಕದಲುವುದಿಲ್ಲ.

ಆರಕ್ಕೆ ದೊಡ್ಡವರ ತಟ್ಟೆಗಳು ಬರುತ್ತವೆ. ಮಕ್ಕಳ ಹೊಟ್ಟೆ ತುಂಬಿದೆ. ಹಣ್ಣಿನ ಹೋಳು ಚೀಪುತ್ತಾ ಅಪ್ಪ ಅಮ್ಮನ ನಡುವೆ ರಾಜರ ಹಾಗೆ ಕೂತಿದ್ದಾರೆ. ಅಪ್ಪಂದಿರು ಎದ್ದು ತಿರುಗುತ್ತಿಲ್ಲ. ಅಮ್ಮಂದಿರು ಬಿಸಿಯಾಗಿರುವಾಗಲೇ ಉಣ್ಣುತ್ತಿದ್ದಾರೆ. ಒಬ್ಬ ತಾಯಿ ತನ್ನ ಮೀನಿನ ತುಂಡನ್ನು ಬಾಯಿಗಿಟ್ಟು, ಬಿಸಿ ಇದೆ ಎಂದು ಗಂಡನಿಗೆ ಆಶ್ಚರ್ಯದಿಂದ ಹೇಳುವುದು ಅಕ್ಕನ ಕಿವಿಗೆ ಬೀಳುತ್ತದೆ. ತಡವಾಗಿ ಬಂದವರ ಒಂದೆರಡು ಮಕ್ಕಳು ಮಾತ್ರ ಹಠ ಹಿಡಿಯುತ್ತಾರೆ. ಅಳು ಪಕ್ಕದ ಮೇಜಿಗೆ ಅಂಟುವುದಿಲ್ಲ, ಪಕ್ಕದ ಮೇಜಿನ ಮಗು ತೂಕಡಿಸುತ್ತಿದೆ. ಏಳರ ಹೊತ್ತಿಗೆ ಒಂದೊಂದೇ ತಲೆ ಹೆಗಲಿಗೆ ಒರಗುತ್ತದೆ. ಮಗು ಮಲಗಿದ ಮೇಲೆ ಮೇಜಿನ ಮುಂದೆ ಕೂತಿರಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಸಂಸಾರಗಳು ಮೆಲ್ಲಗೆ ಎದ್ದು, ಬೆಕ್ಕಿನ ಹೆಜ್ಜೆಯಲ್ಲಿ ಹೊರಡುತ್ತವೆ. ಅಜ್ಜ ಹೊರಡುವಾಗ ಇವತ್ತಿನ ಹಡಗಿನಲ್ಲಿ ಸರಿಯಾದ ಗಡಿಯಾರ ತಮ್ಮದೊಂದೇ ಎಂದು ಸಾಹೇಬರಿಗೆ ತಿಳಿಸಿ ಹೋಗುತ್ತಾರೆ.

ಏಳೂಮುಕ್ಕಾಲಿಗೆ ಇಡೀ ಹಾಲಿನಲ್ಲಿ ಉಳಿದಿರುವುದು ಒಂದೇ ಮೇಜು. ಮಕ್ಕಳಿಲ್ಲದ ಮೇಜು. ಹೊಸ ಜೋಡಿ ಒಂದೇ ಬಟ್ಟಲಿನ ಸಿಹಿಯನ್ನು ಎರಡು ಚಮಚದಲ್ಲಿ, ಜಗತ್ತಿನ ಹೊತ್ತೆಲ್ಲ ತಮ್ಮದೇ ಎಂಬ ಹಾಗೆ ತಿನ್ನುತ್ತಿದೆ. ಸಾಹೇಬರು ಅತ್ತ ಒಮ್ಮೆ, ಬಾಗಿಲ ಆಚೆ ಸೇರತೊಡಗಿದ ಎರಡನೇ ಪಂಕ್ತಿಯವರ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ತಾವೇ ಹೋಗಿ, ಮೇಲಿನ ಅಂತಸ್ತಿನಿಂದ ಚಂದ್ರ ಚೆನ್ನಾಗಿ ಕಾಣುತ್ತಾನೆ ಎಂದು ವಿನಯದಿಂದ ಸೂಚಿಸುತ್ತಾರೆ. ಜೋಡಿ ಎದ್ದು ಹೋಗುತ್ತದೆ. ಆ ದಿನ ಚಂದ್ರ ಇರಲಿಲ್ಲ ಎಂದು ಬಡಿಸುವವರು ಆಮೇಲೆ ಹೇಳಿಕೊಂಡು ನಗುತ್ತಾರೆ.

ಮೇಜುವಸ್ತ್ರಗಳು ಬದಲಾಗುತ್ತವೆ. ಎತ್ತರದ ಕುರ್ಚಿಗಳು ಗೋಡೆ ಸೇರುತ್ತವೆ. ಹೂದಾನಿಗಳು ತಮ್ಮ ಜಾಗಕ್ಕೆ ಬರುತ್ತವೆ. ಎಂಟಕ್ಕೆ ಬಾಗಿಲು ತೆರೆದಾಗ ಹೊರಗಿನವರು ಕಾದಿದ್ದೇ ಇಲ್ಲವೆಂಬಂತೆ ಒಳಗೆ ನಡೆದು ಬಂದು ಕೂರುತ್ತಾರೆ. ಅಕ್ಕ ಕಂಬದ ಮರೆಯಲ್ಲಿ ನಿಂತು, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಸುಮ್ಮನೆ ಮಡಿಸುತ್ತಾ, ಬಿಚ್ಚುತ್ತಾ, ಸಾಹೇಬರ ಮುಖ ನೋಡುತ್ತಾರೆ. ಅವರು ಇವರ ಕಡೆ ಬರುವುದಿಲ್ಲ. ಅಡುಗೆಮನೆಯ ಕಡೆ ಹೋಗಿ ಹಿರಿಯರನ್ನು ಕರೆಯುತ್ತಾರೆ.

"ಮುಂದಿನ ಯಾನದಲ್ಲಿ ಗಡಿಯಾರ ಹಿಂದೆ ಹೋಗೋ ದಿನ, ಐದಕ್ಕೇ ಮಕ್ಕಳ ಸೂಪು ಸಿದ್ಧ ಇರಲಿ," ಎನ್ನುತ್ತಾರೆ. ಆಮೇಲೆ ತಿರುಗಿ ಅಕ್ಕನನ್ನು ಕೇಳುತ್ತಾರೆ. "ವಾಪಸ್ ಬರುವಾಗ ಗಡಿಯಾರ ಮುಂದೆ ಹೋಗುತ್ತಲ್ಲ, ಅವತ್ತು?"

"ಅವತ್ತು ಆರಕ್ಕೆ ಅವರಿಗೆ ಹಸಿವೇ ಆಗಿರಲ್ಲ ಸರ್. ದೊಡ್ಡವರದ್ದು ಮೊದಲು, ಅವರದ್ದು ಕೊನೆಗೆ."

ಸಾಹೇಬರು ತಲೆಯಾಡಿಸಿ, ಎರಡನೇ ಪಂಕ್ತಿಯ ಮೇಜುಗಳ ಕಡೆ ನಡೆಯುತ್ತಾರೆ. ಮೊದಲ ಪಂಕ್ತಿ ಉಳಿಯಿತು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ಯಾನದ ಸೂಪಿನ ಮಾತಾಡಿದವರು ಮುಂದಿನ ಯಾನದ ಮಕ್ಕಳನ್ನೂ ಒಪ್ಪಿಕೊಂಡ ಹಾಗೆ. ಅಡುಗೆಮನೆಯ ಹಿರಿಯರು ಒಂದು ತಟ್ಟೆಯಲ್ಲಿ ಬ್ರೆಡ್ಡು, ತಣ್ಣಗಾದ ಆಲೂಗಡ್ಡೆ ತಂದು ಅಕ್ಕನ ಮುಂದೆ ಇಟ್ಟು, ನೂರೈವತ್ತೊಂದನೇ ಮಗು ಇನ್ನೂ ಉಂಡಿಲ್ಲ ಎಂದು ಗದರುತ್ತಾರೆ. ಅಕ್ಕ ನಿಂತುಕೊಂಡೇ ತಿನ್ನುತ್ತಾರೆ.

ಹಡಗಿನವರಿಂದ ನಿಮಗೆ ಇನ್ನೇನು ಆಗಬೇಕು ಎಂದು ಕೇಳಿದರೆ ಅಕ್ಕ ಸಂಬಳ ಹೇಳುವುದಿಲ್ಲ, ರಜೆ ಹೇಳುವುದಿಲ್ಲ. ಬಾಗಿಲ ಆಚೆಯ ಉದ್ದನೆಯ ಓಣಿಯ ಕಡೆ ಕೈ ತೋರಿಸುತ್ತಾರೆ.

"ಅಲ್ಲಿ ಒಂದು ಬೆಂಚು ಹಾಕಿಸಿಕೊಟ್ಟರೆ ಸಾಕು. ಹೊತ್ತು ತಪ್ಪಿ ಬಂದವರು ನಿಂತು ಕಾಯೋದು ಬೇಡ. ಬಹಳ ಎತ್ತರದ್ದು ಬೇಡ, ಮಕ್ಕಳ ಕಾಲು ನೆಲಕ್ಕೆ ತಾಗೋ ಅಷ್ಟು."